ಜೋಳದ ಋಣ ಯಾರ ಮೇಲೆ?

ಕನ್ನಡ ವಿಮರ್ಶೆ ಅನುಮಾನದಿಂದ ನೋಡದೇ ಬಿಟ್ಟ ಶಬ್ದಗಳಲ್ಲಿ ‘ತ್ಯಾಗ’ವೂ ಒಂದು. ಧರ್ಮವನ್ನು ಕೆದಕಿದ್ದೇವೆ, ಕರ್ಮವನ್ನು ಬಯಲಿಗೆಳೆದಿದ್ದೇವೆ, ಪಾತಿವ್ರತ್ಯದ ಹಿಂದಿನ ಹುನ್ನಾರವನ್ನು ಹೆಣ್ಣುಮಕ್ಕಳು ಬಿಡಿಸಿ ತೋರಿಸಿದ್ದಾರೆ. ಆದರೆ ತ್ಯಾಗ ಎಂದ ಕೂಡಲೆ ಬಂಡಾಯದವನೂ ದನಿ ತಗ್ಗಿಸುತ್ತಾನೆ. ಈ ಶಬ್ದ ಅಷ್ಟು ಪವಿತ್ರವಾದದ್ದು ಹೇಗೆ, ಅದರ ಪಾವಿತ್ರ್ಯದಿಂದ ಯಾರಿಗೆ ಲಾಭವಾಯಿತು ಎಂದು ದಲಿತ ವಿಮರ್ಶೆ ಕೇಳಬೇಕಾಗಿದೆ.

ತ್ಯಾಗ ಆಗಬೇಕಾದರೆ ಎರಡು ಇರಬೇಕು. ಕೊಡುವವನ ಕೈಲಿ ಕೊಡಲು ಏನಾದರೂ ಇರಬೇಕು. ಒಲ್ಲೆ ಎನ್ನುವ ಹಕ್ಕು ಅವನಿಗಿರಬೇಕು. ಮೊದಲನೆಯದಿಲ್ಲದಿದ್ದರೆ ಅದು ಬರೀ ಹಸಿವು. ಎರಡನೆಯದಿಲ್ಲದಿದ್ದರೆ ಅದು ಬಿಟ್ಟಿ, ಇಲ್ಲವೆ ಬಲಿ. ಮಾರಿಹಬ್ಬದ ಕೋಣ ತ್ಯಾಗ ಮಾಡಿತು ಅಂತ ನಮ್ಮ ಊರುಗಳಲ್ಲಿ ಯಾರೂ ಹೇಳುವುದಿಲ್ಲ. ಕೋಣಕ್ಕೆ ಕೊಟ್ಟಷ್ಟು ಪ್ರಾಮಾಣಿಕವಾದ ಹೆಸರನ್ನು ನಮ್ಮ ಚರಿತ್ರೆ, ನಮ್ಮ ಕಾವ್ಯ ಮನುಷ್ಯರಿಗೆ ಕೊಟ್ಟಿಲ್ಲ ಎಂಬುದೇ ನನ್ನ ತಕರಾರು. ಯುದ್ಧದ ಹೊತ್ತಿನಲ್ಲಿ ಆಳುವವರು ಕೊಡುವ ಕರೆಗಳನ್ನು ಇಟ್ಟುಕೊಂಡು ಇದನ್ನು ವಿವರಿಸಲು ನೋಡುತ್ತೇನೆ.

1

1965ರಲ್ಲಿ ಒಂದು ಕಡೆ ಪಾಕಿಸ್ತಾನದೊಡನೆ ಯುದ್ಧ, ಇನ್ನೊಂದು ಕಡೆ ಬರ. ಪ್ರಧಾನಿ ಲಾಲ್‌ಬಹದ್ದೂರ್ ಶಾಸ್ತ್ರಿ ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟರು. ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕಿದವು. ಪಿ.ಎಲ್. 480ರ ಕರಾರಿನ ಮೇಲೆ ಅಮೆರಿಕದಿಂದ ಬರುತ್ತಿದ್ದ ಗೋಧಿಗೆ ಕೈಯೊಡ್ಡಿ ನಿಲ್ಲಬಾರದೆಂಬ ಸ್ವಾಭಿಮಾನ ಆ ಕರೆಯಲ್ಲಿತ್ತು. ಶಾಸ್ತ್ರಿಯವರು ಸರಳವಾಗಿ ಬದುಕಿದವರು, ತಮ್ಮ ಮನೆಯವರನ್ನೂ ಹೊರಗಿಡಲಿಲ್ಲ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಅನುಮಾನ ಇರುವುದು ಆ ವಾಕ್ಯದ ಬಗ್ಗೆ.

ನಮ್ಮಜ್ಜಿ ಆಗ ಹರೆಯದ ಕೂಲಿಯಾಳು. ಸೋಮವಾರದ ಊಟ ಬಿಟ್ಟಿದ್ದು ನೆನಪಿದೆಯೇ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದಿಷ್ಟು: “ಯಾವ್ ಸೋಮವಾರನಪ್ಪ? ಒಲೆ ಹತ್ತಿದ್ ದಿನಾನೇ ನಮ್ಗೆ ಹಬ್ಬ. ಬಿಡಾಕೆ ಇನ್ನೊಂದೊತ್ತು ಎಲ್ಲಿತ್ತು?” ಜಗಳೂರು ಸೀಮೆಯಲ್ಲಿ ಬರ ಎನ್ನುವುದು ಸುದ್ದಿಯಲ್ಲ. ಮಳೆ ಕೈಕೊಟ್ಟರೆ ಗುಳೆ ಹೋಗಬೇಕು, ಇಲ್ಲವೆ ಇರುವ ಜೋಳವನ್ನು ನುಚ್ಚು ಮಾಡಿ ಗಂಜಿಗೆ ನೀರು ಹೆಚ್ಚಿಸಬೇಕು. ‘ಒಂದು ಹೊತ್ತು ಬಿಡಿ’ ಎಂಬ ಮಾತು ಮೂರು ಹೊತ್ತು ಉಣ್ಣುವವನನ್ನೇ ದೇಶವೆಂದು ತಿಳಿದ ಮಾತು. ಕೇರಿಯ ಮನುಷ್ಯ ಆ ವಾಕ್ಯದ ಒಳಗೇ ಇಲ್ಲ.

ಇಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸೋಮವಾರದ ಒಪ್ಪತ್ತು ಎನ್ನುವುದು ಮೊದಲಿನಿಂದಲೂ ಉಳ್ಳವರ ಮನೆಯ ವ್ರತ. ಭಕ್ತನಿಗೆ ಒಪ್ಪತ್ತು ಪುಣ್ಯ, ಕೂಲಿಯವನಿಗೆ ಒಪ್ಪತ್ತು ದಿನಚರಿ. ಶಬ್ದ ಒಂದೇ. ಆದರೆ ಒಬ್ಬನ ಒಪ್ಪತ್ತು ಪಂಚಾಂಗದಲ್ಲಿ ಬಂತು, ಆಮೇಲೆ ಪತ್ರಿಕೆಯಲ್ಲಿ ದೇಶಭಕ್ತಿ ಎಂದು ಬಂತು. ಇನ್ನೊಬ್ಬನ ಒಪ್ಪತ್ತು ಎಲ್ಲೂ ಬರಲಿಲ್ಲ. ಆಯ್ದುಕೊಂಡ ಹಸಿವಿಗೆ ತ್ಯಾಗ ಎಂಬ ಹೆಸರು ಸಿಕ್ಕಿತು, ಹೇರಿದ ಹಸಿವಿಗೆ ಹೆಸರೇ ಸಿಗಲಿಲ್ಲ.

ಇದಕ್ಕೆ ಮೂರು ವರ್ಷ ಹಿಂದೆ, 1962ರ ಚೀನಾ ಯುದ್ಧದಲ್ಲಿ, ರಾಷ್ಟ್ರೀಯ ರಕ್ಷಣಾ ನಿಧಿಗೆ ಚಿನ್ನ ಕೊಡಿ ಎಂದರು. ಜನ ಮನಸಾರೆ ಕೊಟ್ಟರು, ಬಳೆ ಸರ ಬಿಚ್ಚಿಕೊಟ್ಟ ಹೆಂಗಸರಿದ್ದರು. ಅದರ ಬೆನ್ನಿಗೇ 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವಂತಿಲ್ಲ ಎಂದಾಯಿತು. ಒಡವೆ ಕೊಟ್ಟವರದು ತ್ಯಾಗವಾಯಿತು. ಅಗ್ಗಿಷ್ಟಿಕೆ ಆರಿ ಕಸುಬು ಕಳಕೊಂಡ ಅಕ್ಕಸಾಲಿಗ ಮಾತ್ರ ಆ ಪಟ್ಟಿಗೆ ಸೇರಲಿಲ್ಲ.

ಇವೆರಡೂ ಬಹುಮಟ್ಟಿಗೆ ಜನ ಒಪ್ಪಿದ ಯುದ್ಧಗಳು. ಒಪ್ಪಿದ ಯುದ್ಧದಲ್ಲೇ ಲೆಕ್ಕ ಹೀಗಿದ್ದರೆ ಒಪ್ಪದ ಯುದ್ಧದಲ್ಲಿ ಹೇಗಿರಬೇಡ? ಅಲ್ಲಿಗೆ ಹೋಗುವ ಮೊದಲು ಈ ಲೆಕ್ಕ ಬರೆಯುವುದನ್ನು ಕನ್ನಡ ಎಲ್ಲಿ ಕಲಿಯಿತು ಎಂದು ನೋಡಬೇಕು.

2

ಕನ್ನಡದ ಅತಿ ಹಳೆಯ ಬರಹಗಳಲ್ಲೊಂದಾದ ಹಲ್ಮಿಡಿ ಶಾಸನವನ್ನು, ಅದು ಸುಮಾರು 450ರದು, ನಾವು ಭಾಷೆಯ ಹೆಮ್ಮೆಗಾಗಿ ಓದುತ್ತೇವೆ. ಅದರೊಳಗಿರುವುದು ಯುದ್ಧದ ಲೆಕ್ಕ. ಕಾದಾಟದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬವನಿಗೆ ಬಾಳ್ಗಳ್ಚು ಎಂದು ಊರುಗಳನ್ನು ಬಿಟ್ಟುಕೊಟ್ಟ ವಿಷಯ ಅಲ್ಲಿದೆ. ಬಾಳ್ಗಳ್ಚು ಅಂದರೆ ಕತ್ತಿ ತೊಳೆಯುವುದು. ನೆತ್ತರು ತೊಳೆದದ್ದಕ್ಕೆ ನೆಲ. ಮುಂದೆ ಕಾದಿ ಸತ್ತವರ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೇ ಹುಟ್ಟಿತು. ಆ ಕಾಲದ ಅರಸರು ಪ್ರಾಣಕ್ಕೆ ಬೆಲೆಯಿದೆ ಎಂದಾದರೂ ಒಪ್ಪಿದ್ದರು, ಕಲ್ಲಿನ ಮೇಲೆ ಬರೆಸಿದ್ದರು.

ಆದರೆ ಬೆಲೆ ಯಾರಿಗೆ? ಆತಕೂರಿನ ಶಾಸನವನ್ನು ನೋಡಿ. ತಕ್ಕೋಲದ ಯುದ್ಧದ ನಂತರ, 949-50ರ ಸುಮಾರಿಗೆ ಹಾಕಿಸಿದ ಕಲ್ಲು ಅದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಂದ ಮಣಲೆರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಒಂದು ಬೇಟೆನಾಯಿ. ಅದು ಹಂದಿಯೊಡನೆ ಕಾದಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಹೆಸರು ಕಾಳಿ ಎಂದು ಸಾವಿರ ವರ್ಷ ದಾಟಿದರೂ ನಮಗೆ ಗೊತ್ತಿದೆ. ಈಗ ಹೊಯ್ಸಳರ ಕಾಲಕ್ಕೆ ಬನ್ನಿ. ಒಡೆಯ ಸತ್ತರೆ ಜತೆಗೇ ಸಾಯುತ್ತೇವೆಂದು ಮಾತು ಕೊಟ್ಟ ಗರುಡರ ಕಂಬಗಳು ಮಂಡ್ಯ ಸೀಮೆಯ ಅಗ್ರಹಾರ ಬಾಚಹಳ್ಳಿಯಲ್ಲಿವೆ. ಅಲ್ಲಿನ ಬರಹದಲ್ಲಿ ಸತ್ತ ನಾಯಕರ ಹೆಸರಿದೆ, ಅವರ ಹೆಂಡಂದಿರ ಹೆಸರಿದೆ. ಅವರೊಡನೆ ಸತ್ತ ಊಳಿಗದ ಗಂಡಸರು, ಊಳಿಗದ ಹೆಂಗಸರು ಇಷ್ಟು ಮಂದಿ ಎಂಬ ಎಣಿಕೆಯಾಗಿ ಮಾತ್ರ ಇದ್ದಾರೆ.

ನಾಯಿಯನ್ನು ಹಂಗಿಸಲು ಈ ಮಾತು ಹೇಳುತ್ತಿಲ್ಲ. ಒಡೆಯನ ಪ್ರೀತಿಗೆ ಬಿದ್ದ ಪ್ರಾಣಿಗೆ ಹೆಸರು, ಒಡೆಯನ ಮನೆಯಲ್ಲಿ ದುಡಿದು ಒಡೆಯನ ಹಿಂದೆ ಸತ್ತ ಮನುಷ್ಯನಿಗೆ ಅಂಕಿ. ಆ ಊಳಿಗದವರಿಗೆ ಒಲ್ಲೆ ಎನ್ನುವ ಹಕ್ಕಿತ್ತೆ? ನಾಯಕನ ಪ್ರತಿಜ್ಞೆಯೊಳಗೆ ಅವರ ಪ್ರಾಣವೂ ಸೇರಿಹೋಗಿತ್ತು. ಶಾಸನವನ್ನು ಓದಿ ಸ್ವಾಮಿನಿಷ್ಠೆ ಎಂದು ಬರೆದವರು ನಾಯಕನ ಮುಖವನ್ನೇ ನೋಡಿ ಬರೆದರು. ಆಳಿನ ಕಡೆಯಿಂದ ಓದಿದರೆ ಅದೇ ಕಲ್ಲು ಬಿಟ್ಟಿಯ ದಾಖಲೆಯಾಗುತ್ತದೆ.

3

ಈ ನಿಷ್ಠೆಗೆ ಕನ್ನಡದಲ್ಲಿ ಒಂದು ಅರ್ಥಶಾಸ್ತ್ರವೇ ಇದೆ. ಅದರ ಹೆಸರು ಜೋಳವಾಳಿ. ಒಡೆಯನ ಜೋಳ ಉಂಡವನು ಆ ಋಣವನ್ನು ಯುದ್ಧದಲ್ಲಿ ಪ್ರಾಣ ಕೊಟ್ಟು ತೀರಿಸಬೇಕು. 941ರ ಪಂಪನ ‘ವಿಕ್ರಮಾರ್ಜುನ ವಿಜಯ’ದ ಯುದ್ಧಭಾಗಗಳನ್ನು ಈ ಭಾವನೆ ಬಿಟ್ಟು ಓದಲಾಗದು. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಕಲಿಯೂ ಆಗಿದ್ದ ಪಂಪನಿಗೆ ಜೋಳದ ಭಾರ ಚೆನ್ನಾಗಿಯೇ ಗೊತ್ತಿತ್ತು. ಆದ್ದರಿಂದಲೇ ಅವನ ಕರ್ಣ ಅಷ್ಟು ಎತ್ತರಕ್ಕೆ ಏರುತ್ತಾನೆ. ಹುಟ್ಟಿನ ಗುಟ್ಟು ತಿಳಿದು, ಸಿಂಹಾಸನ ಕಣ್ಣೆದುರು ಬಂದು ನಿಂತರೂ ದುರ್ಯೋಧನನನ್ನು ಬಿಡುವುದಿಲ್ಲ. ನಾನು ಹೇಳಿದ ಎರಡು ಷರತ್ತುಗಳಿಟ್ಟು ನೋಡಿದರೂ ಕರ್ಣನದು ತ್ಯಾಗವೇ. ಅವನಿಗೆ ಅಂಗರಾಜ್ಯವಿತ್ತು. ಒಲ್ಲೆ ಎನ್ನುವ ಅವಕಾಶ ಅವನ ಮನೆಬಾಗಿಲಿಗೇ ಬಂದಿತ್ತು. ಸೂತಪುತ್ರನೆಂಬ ಹಂಗಣೆಯನ್ನು ಕೊನೆತನಕ ತಿಂದವನು ಎಂಬುದಕ್ಕಾಗಿ ದಲಿತ ಓದುಗರು ಅವನನ್ನು ನಮ್ಮವನೆಂದುಕೊಂಡದ್ದರಲ್ಲಿ ತಪ್ಪೇನಿಲ್ಲ.

ಆದರೆ ಕರ್ಣನಿಗೆ ಸಂದ ಗೌರವವನ್ನು ಆ ಹದಿನೆಂಟು ಅಕ್ಷೋಹಿಣಿಯ ಮೇಲೆಲ್ಲ ಹೊದಿಸಿಬಿಡುವುದು ವಿಮರ್ಶೆಯ ಸೋಮಾರಿತನ. ಈ ಭಾಗವನ್ನು ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸಾರ್, ಜೋಳ ಉಂಡೋನು ಋಣ ತೀರುಸ್ಬೇಕು, ಸರಿ. ಜೋಳ ಬೆಳೆದೋನು ಯಾರಿಗ್ ಏನ್ ಕೊಡ್ಬೇಕು?” ತರಗತಿ ನಕ್ಕಿತು. ನಾನು ಓದಿದ ವಿಮರ್ಶಾ ಲೇಖನಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಜೋಳದ ಹೊಲದಲ್ಲಿ ಕೂಲಿ ಮಾಡಿ ಬೆಳೆದ ಹುಡುಗನಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆ ಅದು.

ಅರಸನ ಕಣಜಕ್ಕೆ ಜೋಳ ಎಲ್ಲಿಂದ ಬಂತು? ಉತ್ತವನು, ಬಿತ್ತಿದವನು, ಕಳೆ ಕಿತ್ತವಳು, ಕಣದಲ್ಲಿ ತೂರಿದವಳು ಕೊಟ್ಟದ್ದು ತಾನೆ? ಕಂದಾಯವಾಗಿ ಒಳಹೋದ ಜೋಳ ಋಣವಾಗಿ ಹೊರಬರುತ್ತದೆ. ಬೆಳೆದವನೇ ಸಾಲಗಾರನಾಗುತ್ತಾನೆ. ಕೊಟ್ಟವನ ಮೇಲೆ ಕೊಂಡವನು ಸಾಲ ಹೊರಿಸುವ ಈ ಚಮತ್ಕಾರವೇ ತ್ಯಾಗದ ಕರೆಗಳ ಒಳಗುಟ್ಟು. ಮೊದಲ ಮಹಾಯುದ್ಧದಲ್ಲಿ ಮೈಸೂರು ಅರಸರು ಬ್ರಿಟಿಷರಿಗೆ 50 ಲಕ್ಷ ರೂಪಾಯಿ ಕೊಟ್ಟದ್ದು ಅರಮನೆಯ ಔದಾರ್ಯವೆಂದು ದಾಖಲಾಗಿದೆ. ಆ ರೂಪಾಯಿಗಳು ರಾಗಿಹೊಲ, ಜೋಳದ ಹೊಲಗಳಲ್ಲಿ ಹುಟ್ಟಿ ಕಂದಾಯದ ದಾರಿಯಲ್ಲಿ ಮೈಸೂರಿಗೆ ಹೋಗಿದ್ದವು ಎಂದು ಯಾವ ಫಲಕದಲ್ಲೂ ನಾನು ಓದಿಲ್ಲ.

ಏಕಲವ್ಯನ ಕಥೆಯಲ್ಲಿ ಈ ಚಮತ್ಕಾರ ಬೆತ್ತಲಾಗಿ ನಿಂತಿದೆ. ದ್ರೋಣ ಕಲಿಸಲಿಲ್ಲ, ಹತ್ತಿರ ಸೇರಿಸಲಿಲ್ಲ. ಆದರೂ ದಕ್ಷಿಣೆ ಕೇಳಿದ. ಸಾಲವನ್ನೇ ಕೊಡದೆ ವಸೂಲಿಗೆ ಬಂದ ಸಾಹುಕಾರ ಅವನು. ಹೆಬ್ಬೆರಳು ಹೋದದ್ದು ಮುಂದೆ ಬರುವ ಕಾಳಗದಲ್ಲಿ ಅರ್ಜುನನಿಗೆ ಸಾಟಿಯಿಲ್ಲದಿರಲಿ ಎಂದು. ಅಂದರೆ ಕುರುಕ್ಷೇತ್ರದ ಮೊದಲ ನೆತ್ತರು ಒಬ್ಬ ಬೇಡರ ಹುಡುಗನದು. ನಾಯಕ ಸಮುದಾಯದ ಮಕ್ಕಳೇ ತುಂಬಿರುವ ನಮ್ಮ ಕಡೆಯ ಶಾಲೆಗಳಲ್ಲೂ ಇದನ್ನು ಗುರುಭಕ್ತಿಯ ಪಾಠವಾಗಿ ಹೇಳುವುದುಂಟು. ಕುವೆಂಪು 1947ರಲ್ಲಿ ತಮ್ಮ ನಾಟಕಕ್ಕೆ ‘ಬೆರಳ್‌ಗೆ ಕೊರಳ್’ ಎಂದು ಹೆಸರಿಟ್ಟದ್ದು ಈ ಕಾರಣಕ್ಕೆ ದೊಡ್ಡ ವಿಮರ್ಶೆ. ಆ ಹೆಸರಿನಲ್ಲಿ ಬೆರಳು ಕಾಣಿಕೆಯಲ್ಲ, ದ್ರೋಣನ ಲೆಕ್ಕದಲ್ಲಿ ಬಾಕಿ ಉಳಿದ ಸಾಲ. ಅದು ಕೊರಳಿನಿಂದ ತೀರುತ್ತದೆ. ಋಣದ ಮುಖವನ್ನು ತಿರುಗಿಸಿ ಬರೆದ ಕನ್ನಡದ ಕೆಲವೇ ಹೆಸರುಗಳಲ್ಲಿ ಅದೊಂದು.

4

ಈಗ ಜನ ಒಪ್ಪದ ಯುದ್ಧದ ಮಾತು. 1939ರ ಸೆಪ್ಟೆಂಬರಿನಲ್ಲಿ ಈ ದೇಶದ ಯಾರನ್ನೂ ಕೇಳದೆ ವೈಸರಾಯ್ ಭಾರತವನ್ನು ಎರಡನೆಯ ಮಹಾಯುದ್ಧಕ್ಕೆ ಸೇರಿಸಿದ. ಯುದ್ಧನಿಧಿಗೆ ಕೊಡಿ, ಸೈನ್ಯಕ್ಕೆ ಮಕ್ಕಳನ್ನು ಕಳಿಸಿ ಎಂಬ ಕರೆಗಳು ಬಂದವು. ಸಂಸ್ಥಾನದ ಹಳ್ಳಿಗಳಿಗೆ ಯುದ್ಧ ಕಾಣಿಸಿದ್ದು ಏರಿದ ಬೆಲೆಯಾಗಿ, ಲೆವಿಯಾಗಿ, ರೇಷನ್ನಾಗಿ. ಇದಕ್ಕೆ ಬಂದ ಎರಡು ಉತ್ತರಗಳನ್ನು ಇಲ್ಲಿ ಎದುರುಬದುರು ಇಟ್ಟು ನೋಡಬೇಕು.

ಒಂದು ಉತ್ತರ ನಮ್ಮ ಪಕ್ಕದ್ದೇ. ಹೊನ್ನಾಳಿ, ನ್ಯಾಮತಿಗಳಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನ ಈಸೂರು. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕೂಗು ಎದ್ದಾಗ ಈಸೂರಿನವರು ಕಂದಾಯ ಕೊಡುವುದಿಲ್ಲವೆಂದರು, ತಮ್ಮದೇ ಸರ್ಕಾರ ಮಾಡಿಕೊಂಡರು. ಸೆಪ್ಟೆಂಬರಿನಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. ಊರಿನ ಮೇಲೆ ದಬ್ಬಾಳಿಕೆ ನಡೆಯಿತು. 1943ರ ಮಾರ್ಚಿನಲ್ಲಿ ಐದು ಜನರನ್ನು ನೇಣಿಗೆ ಹಾಕಿದರು. ಒಲ್ಲೆ ಎನ್ನುವ ಹಕ್ಕಿಗೆ ಈಸೂರು ಕೊಟ್ಟ ಬೆಲೆ ಅದು. ಅದಕ್ಕೆ ಕೈಮುಗಿಯುತ್ತಲೇ, ಆ ಸ್ವತಂತ್ರ ಊರಿನಲ್ಲಿ ಕೇರಿಗೆ ಯಾವ ಜಾಗವಿತ್ತು ಎಂದೂ ದಲಿತ ವಿಮರ್ಶೆ ಕೇಳಬೇಕಾಗುತ್ತದೆ.

ಇನ್ನೊಂದು ಉತ್ತರ ಬಾಬಾಸಾಹೇಬರದು. 1939ರ ಅಕ್ಟೋಬರಿನಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಇದೇ ಯುದ್ಧದ ಮೇಲೆ ಚರ್ಚೆ ನಡೆಯಿತು. ಅಲ್ಲಿ ಅವರು ಆಡಿದ ಮಾತಿನ ಸಾರ ಇಷ್ಟು: ನನ್ನ ಸ್ವಂತ ಹಿತಕ್ಕೂ ದೇಶದ ಹಿತಕ್ಕೂ ತಿಕ್ಕಾಟ ಬಂದರೆ ದೇಶದ ಕಡೆ ನಿಲ್ಲುತ್ತೇನೆ, ದೇಶಕ್ಕೂ ಅಸ್ಪೃಶ್ಯರಿಗೂ ತಿಕ್ಕಾಟ ಬಂದರೆ ಅಸ್ಪೃಶ್ಯರ ಕಡೆ ನಿಲ್ಲುತ್ತೇನೆ. ತ್ಯಾಗದ ಬಗ್ಗೆ ಇದಕ್ಕಿಂತ ಖಚಿತವಾದ ಮಾತನ್ನು ನಾನು ಓದಿಲ್ಲ. ನನ್ನದನ್ನು ನಾನು ಬಿಡಬಲ್ಲೆ, ಅದು ನನ್ನ ಹಕ್ಕು. ಇಲ್ಲದವರ ಪಾಲನ್ನು ಅವರ ಪರವಾಗಿ ಬಿಟ್ಟುಕೊಡಲು ನಾನು ಯಾರು? ತನ್ನ ತ್ಯಾಗ, ಪರರ ಬಲಿ ಇವೆರಡರ ನಡುವೆ ಎಳೆದ ಗೆರೆ ಅದು.

ಇಷ್ಟಾಗಿಯೂ ಅಂಬೇಡ್ಕರ್ ಆ ಯುದ್ಧಕ್ಕೆ ಬೆಂಬಲ ಕೊಟ್ಟರು, 1941ರಲ್ಲಿ ರಕ್ಷಣಾ ಸಲಹಾ ಸಮಿತಿಗೆ ಸೇರಿದರು, ಸೈನ್ಯಕ್ಕೆ ಸೇರಿ ಎಂದು ಮಹಾರರಿಗೆ ಹೇಳಿದರು. ಇದನ್ನು ಇಟ್ಟುಕೊಂಡು ಅವರನ್ನು ಬ್ರಿಟಿಷರ ಕಡೆಯವರೆಂದು ಹಳಿದವರಿದ್ದಾರೆ. ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಓದಿದರೆ ಬೇರೆಯೇ ಕಾಣುತ್ತದೆ. 1818ರ ಕೋರೆಗಾಂವ್ ಕಾಳಗದ ಕಂಬದ ಮೇಲೆ ಮಹಾರ್ ಸೈನಿಕರ ಹೆಸರುಗಳಿವೆ. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋಗಿದ್ದರು. ಆದರೆ ಹೆಸರು ಕೆತ್ತಿಸಿದ ಅದೇ ಬ್ರಿಟಿಷರು 1890ರ ದಶಕದಲ್ಲಿ ಮಹಾರರು ಯೋಧಜಾತಿಯಲ್ಲ ಎಂದು ಸೈನ್ಯದ ಬಾಗಿಲು ಮುಚ್ಚಿದರು. ಮೊದಲ ಮಹಾಯುದ್ಧಕ್ಕೆ ಆಳು ಬೇಕಾದಾಗ 1917ರಲ್ಲಿ ತೆರೆದರು, 1921ರಲ್ಲಿ ಆ ಪಡೆಯನ್ನು ಮತ್ತೆ ಬರಖಾಸ್ತು ಮಾಡಿದರು. ನೆತ್ತರು ಕೊಟ್ಟವರನ್ನೇ ಎರಡು ಸಲ ಹೊರಗೆ ಹಾಕಿದ್ದರು. ಮೂರನೆಯ ಸಲ ಅಂಬೇಡ್ಕರ್ ಋಣದ ಮಾತಾಡಲಿಲ್ಲ, ಕರಾರಿನ ಮಾತಾಡಿದರು. 1941ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಹುಟ್ಟಿತು. ಕೇರಿಯ ಹುಡುಗನಿಗೆ ಸಂಬಳ, ಸಮವಸ್ತ್ರ, ಕೈಯಲ್ಲಿ ಬಂದೂಕು ಸಿಕ್ಕಿತು.

ಈಸೂರು ಒಲ್ಲೆ ಎಂದಿತು. ಅಂಬೇಡ್ಕರ್ ಷರತ್ತಿನ ಮೇಲೆ ಹೂಂ ಎಂದರು. ದಾರಿ ಬೇರೆ, ಒಂದಕ್ಕೊಂದು ಎದುರು ಕೂಡ. ಆದರೂ ಎರಡರಲ್ಲೂ ಕರೆ ಕೇಳಿಸಿಕೊಂಡವನು ಕರೆ ಕೊಟ್ಟವನ ಮುಖ ನೋಡಿ ಮಾತಾಡುತ್ತಾನೆ. ತಲೆತಗ್ಗಿಸಿ ಜೋಳದ ಋಣ ತೀರಿಸುವವನು ಎರಡರಲ್ಲೂ ಇಲ್ಲ.

5

ಹಾಗಾದರೆ ಓಬವ್ವ? ನಮ್ಮ ಜಗಳೂರು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವವರೆಗೂ ಚಿತ್ರದುರ್ಗದ್ದೇ. ದುರ್ಗದ ಕಥೆ ನಮ್ಮ ಮನೆಕಥೆ. ಹೈದರಾಲಿಯ ಮುತ್ತಿಗೆಯಲ್ಲಿ ಕೋಟೆಯ ಕಿಂಡಿಯಿಂದ ನುಸುಳಿ ಬಂದ ಸೈನಿಕರನ್ನು ಒನಕೆಯಿಂದ ಹೊಡೆದು ಕೆಡವಿದ ಛಲವಾದಿ ಹೆಣ್ಣುಮಗಳು ಅವಳು, ಕಾವಲಿನ ಕಹಳೆ ಮುದ್ದಹನುಮನ ಹೆಂಡತಿ. 1972ರ ‘ನಾಗರಹಾವು’ ಸಿನಿಮಾದ ಹಾಡಿನಲ್ಲಿ ಜಯಂತಿಯವರ ಮುಖದಲ್ಲಿ ಅವಳು ಕನ್ನಡ ನಾಡಿಗೆಲ್ಲ ಕಂಡಳು. 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಮಾಡುತ್ತಿದೆ. ಕೇರಿಯ ಹೆಣ್ಣೊಬ್ಬಳ ಹೆಸರಿನಲ್ಲಿ ಸರ್ಕಾರಿ ಜಯಂತಿ ಬಂದದ್ದು ಸಣ್ಣ ಗೆಲುವಲ್ಲ.

ಆದರೆ ಜಯಂತಿಯ ವೇದಿಕೆಗಳಲ್ಲಿ ‘ಓಬವ್ವನಂತೆ ನಾಡಿಗಾಗಿ ತ್ಯಾಗ ಮಾಡಬೇಕು’ ಎಂಬ ಮಾತು ಕೇಳಿದಾಗ ನನಗೆ ಕಸಿವಿಸಿಯಾಗುತ್ತದೆ. ಜನ ಹೇಳುವ ಕಥೆಯನ್ನು ಗಮನವಿಟ್ಟು ಕೇಳಿ. ಗಂಡ ಉಣ್ಣಲು ಬಂದಿದ್ದಾನೆ. ಅವಳು ನೀರಿಗೆ ಹೋಗಿದ್ದಾಳೆ. ಕಿಂಡಿಯಲ್ಲಿ ಸದ್ದಾಗುತ್ತದೆ. ಉಣ್ಣುವವನನ್ನು ಎಬ್ಬಿಸದೆ ಒನಕೆ ಎತ್ತಿಕೊಳ್ಳುತ್ತಾಳೆ. ಇದರಲ್ಲಿ ಯಾವ ಪಾಳೆಗಾರನ ಕರೆಯೂ ಇಲ್ಲ, ಯಾವ ಭಾಷಣವೂ ಇಲ್ಲ. ನೋಡಿದವಳು ಅವಳು, ನಿರ್ಧರಿಸಿದವಳು ಅವಳು, ಆಯುಧವೂ ಅವಳು ದಿನಾ ಕಾಳು ಕುಟ್ಟುತ್ತಿದ್ದ ಒನಕೆ. ಯಾರೂ ಕೇಳದೆ ತಾನೇ ಮಾಡಿದ ಕೆಲಸವನ್ನು ಕೇಳಿದ್ದಕ್ಕೆಲ್ಲ ಕೊಡಬೇಕಾದ ಮಾದರಿಯಾಗಿ ತಿರುಗಿಸುವುದು ಓಬವ್ವನಿಂದ ಅವಳ ಒನಕೆಯನ್ನು ಕಿತ್ತುಕೊಂಡ ಹಾಗೆ. ನಾನು ಕೇಳಿದ ಕಥೆಗಳೆಲ್ಲ ಅವಳ ಸಾವಿನಲ್ಲಿ ಮುಗಿಯುತ್ತವೆ. ಆಮೇಲೆ ಮುದ್ದಹನುಮನ ಮನೆಗೆ ದುರ್ಗದ ಅರಮನೆ ಏನು ಕೊಟ್ಟಿತು ಎಂಬ ಮಾತು ಯಾವ ಕಥೆಯಲ್ಲೂ ಬರುವುದಿಲ್ಲ. ಕಥೆ ಕೇಳಿದ ನಾವೂ ಕೇಳಿಲ್ಲ.

6

ಇದೆಲ್ಲ ಹಳೆಯ ಮಾತು ಅನ್ನಿಸಬಹುದು. ಬೆಳಗಿನ ಜಾವ ನಮ್ಮ ಕಡೆಯ ರಸ್ತೆಗಳಲ್ಲಿ ಸೈನ್ಯದ ಭರ್ತಿಗಾಗಿ ಓಡುವ ಹುಡುಗರನ್ನು ನೋಡಿ. ಮಳೆಯಿಲ್ಲದ ಎರಡೆಕರೆ ಹೊಲದವರ ಮಕ್ಕಳು, ಹೊಲವೇ ಇಲ್ಲದವರ ಮಕ್ಕಳು. ಅವರ ಆಸೆಯನ್ನು ನಾನು ಹಗುರಾಗಿ ಕಾಣಲಾರೆ. ಸಮವಸ್ತ್ರ ಕೇರಿಗೆ ತರುವ ಗೌರವ ಎಂಥದೆಂದು ಕೇರಿಯವನಿಗೆ ಗೊತ್ತು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಅವರಿಗೆ ಅಗ್ನಿವೀರ ಎಂಬ ಹೆಸರು ಸಿಕ್ಕಿತು. ಸೇವೆ ನಾಲ್ಕು ವರ್ಷ. ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನರನ್ನು. ಉಳಿದವರಿಗೆ ಒಂದು ಇಡಿಗಂಟು ಸಿಗುತ್ತದೆ, ಪಿಂಚಣಿ ಇಲ್ಲ. ವೀರ ಎಂಬ ಹಳಗನ್ನಡದ ಶಬ್ದ ಉಳಿಯಿತು, ಬಾಳೆಲ್ಲ ಉಣ್ಣಲು ಬಿಟ್ಟ ಕೊಡಗೆ ಕಳಚಿಬಿತ್ತು. ಹೊಗಳಿಕೆ ದೊಡ್ಡದಾದಂತೆ ಹೊಣೆ ಸಣ್ಣದಾಗುವ ಈ ಲೆಕ್ಕವನ್ನು ಹಿಡಿಯಲು ಅರ್ಥಶಾಸ್ತ್ರಜ್ಞನಷ್ಟೇ ಸಾಹಿತ್ಯದ ವಿದ್ಯಾರ್ಥಿಯೂ ಬೇಕು. ಏಕೆಂದರೆ ಮೋಸ ನಡೆಯುತ್ತಿರುವುದು ಶಬ್ದದಲ್ಲಿ.

1951ರ ಅಕ್ಟೋಬರಿನಲ್ಲಿ ಮಂತ್ರಿಪದವಿ ಬಿಟ್ಟು ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್, ವರ್ಷಕ್ಕೆ ಬರುವ 350 ಕೋಟಿ ರೂಪಾಯಿ ವರಮಾನದಲ್ಲಿ 180 ಕೋಟಿ ಸೈನ್ಯಕ್ಕೇ ಹೋಗುತ್ತಿದೆ ಎಂದು ಎತ್ತಿ ಹೇಳಿದ್ದರು. ಅದೇ ಹೇಳಿಕೆಯಲ್ಲಿ ಪರಿಶಿಷ್ಟರ ಕಡೆಗಣನೆಯ ಮಾತೂ ಇತ್ತು. ದೇಶದ ಗಡಿಯನ್ನೂ ಕೇರಿಯ ಒಲೆಯನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿಟ್ಟು ಓದುವ ಧೈರ್ಯ ಅದು.

ನಮ್ಮ ವಿಮರ್ಶೆಗೂ ಅದೇ ಕ್ರಮ ಬೇಕು. ಕಾವ್ಯವಿರಲಿ, ವೀರಗಲ್ಲಿರಲಿ, ಮಂತ್ರಿಯ ಭಾಷಣವಿರಲಿ, ತ್ಯಾಗ ಎಂಬ ಶಬ್ದ ಕಂಡಲ್ಲಿ ಮೂರು ಪ್ರಶ್ನೆ ಹಾಕೋಣ. ಕೊಟ್ಟವನ ಕೈಲಿ ಏನಿತ್ತು? ಒಲ್ಲೆ ಅಂದಿದ್ದರೆ ಅವನಿಗೆ ಏನಾಗುತ್ತಿತ್ತು? ಕೊಟ್ಟ ಮೇಲೆ ಲೆಕ್ಕ ಬರೆದವರು ಯಾರು? ಈ ಮೂರನ್ನೂ ದಾಟಿ ಬಂದ ತ್ಯಾಗಕ್ಕೆ, ಕರ್ಣನದಕ್ಕಾಗಲಿ ಈಸೂರಿನದಕ್ಕಾಗಲಿ, ಧಾರಾಳವಾಗಿ ತಲೆಬಾಗೋಣ. ಉಳಿದವುಗಳಿಗೆ ಅವುಗಳ ನಿಜವಾದ ಹೆಸರು ಹಿಡಿದು ಕರೆಯೋಣ: ಹಸಿವಿಗೆ ಹಸಿವು, ಬಿಟ್ಟಿಗೆ ಬಿಟ್ಟಿ, ಬಲಿಗೆ ಬಲಿ. ನಮ್ಮ ಕಡೆಯ ಹೊಲಗಳಲ್ಲಿ ಜೋಳ ಬೆಳೆದವರು ಯಾರಿಗೂ ಸಾಲಗಾರರಲ್ಲ. ಅವರ ಮನೆಗೆ ಬರಬೇಕಾದ ಬಾಕಿ ಇನ್ನೂ ಬಂದಿಲ್ಲ.